ಶೇಕಡಾ ಹಾಕಬೇಡಿ, ತಲೆ ಎಣಿಸಿ: ಸರ್ವೆಯ ಎರಡು ಉತ್ತರಗಳಿಗೆ ನಂಟು ಇದೆಯಾ ಅಂತ ನೋಡುವುದು ಹೇಗೆ?

ಪ್ರಶ್ನೆ: ಸರ್, ನಾನು ವಿಜಯಪುರದಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಪ್ರಬಂಧಕ್ಕಾಗಿ ಬಾಗಲಕೋಟೆ ಜಿಲ್ಲೆಯ 100 ನೇಕಾರರನ್ನು ಮಾತಾಡಿಸಿದೆ. ಇಳಕಲ್ಲಿನಲ್ಲಿ ಕೈಮಗ್ಗದವರು 60 ಜನ, ಬನಹಟ್ಟಿಯಲ್ಲಿ ಪವರ್‌ಲೂಮ್‌ನವರು 40 ಜನ. ‘ನಿಮ್ಮ ಮಕ್ಕಳು ಇದೇ ಉದ್ಯೋಗ ಮುಂದುವರಿಸಬೇಕಾ?’ ಅಂತ ಕೇಳಿದೆ. ಬೇಕು, ಬೇಡ, ಅವರಿಗೇ ಬಿಟ್ಟದ್ದು ಅಂತ ಮೂರು ಬಗೆಯ ಉತ್ತರ ಬಂದವು. ಮಗ್ಗದ ಬಗೆಗೂ ಈ ಉತ್ತರಕ್ಕೂ ಸಂಬಂಧ ಇದೆಯಾ ಅಂತ ನೋಡಲು ಕೈ-ಸ್ಕ್ವೇರ್ ಮಾಡಿ ಅಂದರು ಗೈಡ್. ನಾನು ಶೇಕಡಾ ಟೇಬಲ್ ಹಾಕಿ ಎಕ್ಸೆಲ್‌ನಲ್ಲಿ ಮಾಡಿದೆ, ಪಿ-ವ್ಯಾಲ್ಯೂ 0.02 ಬಂತು. ಗೆಳತಿ ನನ್ನದೇ ಫಾರ್ಮ್‌ಗಳನ್ನು ಎಸ್‌ಪಿಎಸ್‌ಎಸ್‌ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ಗೆ ಹಾಕಿದಳು, 0.15 ಬಂತು. ನನ್ನ ಲೆಕ್ಕದಲ್ಲಿ ಸಂಬಂಧ ಇದೆ, ಅವಳ ಲೆಕ್ಕದಲ್ಲಿ ಇಲ್ಲ. ಯಾವುದು ಸರಿ? ಫಾರ್ಮ್‌ಗಳೆಲ್ಲ ಇನ್ನೂ ನನ್ನ ಹತ್ತಿರವೇ ಇವೆ.

ಉತ್ತರ: ನಿಮ್ಮ ಗೆಳತಿಯ ಲೆಕ್ಕ ಸರಿ. ಆದರೆ ‘ಸಂಬಂಧ ಇಲ್ಲ’ ಅಂತ ಅವಳ ಲೆಕ್ಕ ಹೇಳುತ್ತಿದೆ ಅಂದುಕೊಂಡಿದ್ದೀರಲ್ಲ, ಅದು ಸರಿ ಅಲ್ಲ. ಈ ಎರಡು ಮಾತನ್ನೂ ಬಿಡಿಸಿ ಹೇಳುತ್ತೇನೆ. ಇದು ನಿಮಗೊಬ್ಬರಿಗೇ ಬಂದ ತೊಡಕಲ್ಲ. ಪ್ರತಿ ವರ್ಷ ಏಪ್ರಿಲ್, ಮೇ ಬಂತಂದ್ರೆ ಪ್ರಬಂಧ ಸಲ್ಲಿಸುವ ಮಕ್ಕಳು ಇದೇ ಪ್ರಶ್ನೆ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ.

ಮೊದಲು ಒಂದು ಮಾತು. ನಿಮ್ಮ ಪ್ರಬಂಧ ಇನ್ನೂ ಸಲ್ಲಿಕೆ ಆಗಿಲ್ಲ, ಅದಕ್ಕೇ ನಿಮ್ಮ ಅಂಕಿಗಳನ್ನು ಇಲ್ಲಿ ಹಾಕಿಲ್ಲ. ಅದೇ ಅಳತೆಯ ಅಂಕಿಗಳನ್ನು ಉದಾಹರಣೆಗೆ ಅಂತ ನಾನೇ ಹಿಡಿದಿದ್ದೇನೆ. ಇಳಕಲ್ಲಿನ ಅಥವಾ ಬನಹಟ್ಟಿಯ ನೇಕಾರರು ನಿಜಕ್ಕೂ ಹೀಗೇ ಹೇಳಿದರು ಅಂತ ದಯವಿಟ್ಟು ಯಾರೂ ಇದನ್ನು ಎತ್ತಿಕೊಂಡು ಬರೆಯಬೇಡಿ.

ಟೇಬಲ್ ಹೀಗಿದೆ ಅಂದುಕೊಳ್ಳೋಣ:

ಕೈಮಗ್ಗ: ಬೇಕು 15, ಬೇಡ 33, ಅವರಿಗೇ ಬಿಟ್ಟದ್ದು 12. ಒಟ್ಟು 60.
ಪವರ್‌ಲೂಮ್: ಬೇಕು 17, ಬೇಡ 15, ಅವರಿಗೇ ಬಿಟ್ಟದ್ದು 8. ಒಟ್ಟು 40.
ಎರಡೂ ಸೇರಿ: ಬೇಕು 32, ಬೇಡ 48, ಅವರಿಗೇ ಬಿಟ್ಟದ್ದು 20. ಒಟ್ಟು 100.

ಶೇಕಡಾ ಮಾಡಿದರೆ ಕೈಮಗ್ಗದವರಲ್ಲಿ ‘ಬೇಕು’ ಅಂದವರು ಶೇ 25, ಪವರ್‌ಲೂಮ್‌ನವರಲ್ಲಿ ಶೇ 42.5. ಕಣ್ಣಿಗೆ ದೊಡ್ಡ ವ್ಯತ್ಯಾಸವೇ. ಆದರೆ ಪ್ರಶ್ನೆ ಬೇರೆ ಇದೆ. ಮಗ್ಗಕ್ಕೂ ಉತ್ತರಕ್ಕೂ ಏನೇನೂ ನಂಟಿಲ್ಲದಿದ್ದರೂ, 60 ಮತ್ತು 40 ಜನರ ಎರಡು ಗುಂಪು ಮಾಡಿದಾಗ ಇಷ್ಟು ವ್ಯತ್ಯಾಸ ಸುಮ್ನೆ ಕಾಣಿಸಿಕೊಳ್ಳಬಹುದಾ? ಕೈ-ಸ್ಕ್ವೇರ್ ಕೇಳುವುದು ಇದೊಂದನ್ನೇ.

ಕ್ಲಾಸಿನಲ್ಲಿ ನಾನು ಇದನ್ನು ಸೂತ್ರದಿಂದ ಶುರು ಮಾಡುವುದಿಲ್ಲ. ಒಂದು ಡಬ್ಬಿ ತರಿಸುತ್ತೇನೆ. 100 ಚೀಟಿ ಮಾಡಿಸುತ್ತೇನೆ. 32 ಚೀಟಿಯಲ್ಲಿ ‘ಬೇಕು’, 48ರಲ್ಲಿ ‘ಬೇಡ’, 20ರಲ್ಲಿ ‘ಅವರಿಗೇ ಬಿಟ್ಟದ್ದು’. ಡಬ್ಬಿ ಚೆನ್ನಾಗಿ ಅಲುಗಾಡಿಸಿ, ನೋಡದೆ 60 ಚೀಟಿ ತೆಗೆದು ಒಂದು ಕಡೆ ಇಡಬೇಕು. ಅದು ಕೈಮಗ್ಗ. ಡಬ್ಬಿಯಲ್ಲಿ ಉಳಿದ 40 ಪವರ್‌ಲೂಮ್. ಇಲ್ಲಿ ಮಗ್ಗಕ್ಕೂ ಚೀಟಿಗೂ ಯಾವ ಸಂಬಂಧವೂ ಇಲ್ಲ, ಅಲ್ವಾ? ಆದರೂ ಪ್ರತಿ ಸಲ ತೆಗೆದಾಗ ಬೇರೆ ಬೇರೆ ಅಂಕಿ ಬರುತ್ತದೆ. 60 ಚೀಟಿಯಲ್ಲಿ ‘ಬೇಕು’ ಒಮ್ಮೆ 19, ಒಮ್ಮೆ 21, ಒಮ್ಮೆ 17. ಯಾವಾಗಲಾದರೂ ಒಮ್ಮೆ 15ಕ್ಕೂ ಇಳಿಯುತ್ತದೆ, ಆಗ ಮಕ್ಕಳು ಬೆರಗಾಗಿ ನೋಡುತ್ತಾರೆ. ಒಂದು ಮಧ್ಯಾಹ್ನ ಹೀಗೆ ಚೀಟಿ ಎತ್ತಿದವರಿಗೆ ಪಿ-ವ್ಯಾಲ್ಯೂ ಅಂದರೆ ಏನು ಅಂತ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ. ನಂಟು ಇಲ್ಲದ ಡಬ್ಬಿಯಿಂದ ನೂರು ಸಲ ತೆಗೆದರೆ, ನಮ್ಮ ಟೇಬಲ್‌ನಷ್ಟೋ ಅದಕ್ಕಿಂತ ಜಾಸ್ತಿಯೋ ಏರುಪೇರು ಎಷ್ಟು ಸಲ ಬರುತ್ತದೆ, ಅದೇ ಪಿ. ಗೆಳತಿಗೆ 0.15 ಬಂತು ಅಂದರೆ ನೂರಕ್ಕೆ ಸುಮಾರು 15 ಸಲ. ಇದು ಅಪರೂಪ ಅನ್ನುವಷ್ಟು ಕಡಿಮೆ ಅಲ್ಲ.

ಈಗ ಕೈಯಲ್ಲಿ ಲೆಕ್ಕ ಮಾಡೋಣ, ಒಮ್ಮೆಯಾದರೂ ಮಾಡಬೇಕು. ಒಟ್ಟು ನೂರರಲ್ಲಿ ‘ಬೇಕು’ ಅಂದವರು 32. ಮಗ್ಗಕ್ಕೂ ಉತ್ತರಕ್ಕೂ ನಂಟೇ ಇಲ್ಲದಿದ್ದರೆ 60 ಕೈಮಗ್ಗದವರಲ್ಲೂ ಅದೇ ಪ್ರಮಾಣ ಇರಬೇಕು. 60ನ್ನು 32ರಿಂದ ಗುಣಿಸಿ 100ರಿಂದ ಭಾಗಿಸಿದರೆ 19.2. ಇದಕ್ಕೆ ನಿರೀಕ್ಷಿತ ಸಂಖ್ಯೆ ಅನ್ನುತ್ತಾರೆ. ಹೀಗೇ ಕೈಮಗ್ಗದ ಸಾಲಿಗೆ 19.2, 28.8, 12 ಬರುತ್ತವೆ. ಪವರ್‌ಲೂಮ್ ಸಾಲಿಗೆ 12.8, 19.2, 8. ನಾವು ಎಣಿಸಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಮೊದಲ ಎರಡು ಕಾಲಂನಲ್ಲಿ 4.2, ಮೂರನೆಯದರಲ್ಲಿ ಸೊನ್ನೆ. ವ್ಯತ್ಯಾಸವನ್ನು ವರ್ಗ ಮಾಡಿ, ಟೇಬಲ್‌ನ ಆಯಾ ಮನೆಯ (ಅಂದರೆ ಚೌಕದ) ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ಆರೂ ಮನೆಯದ್ದು ಕೂಡಿಸಿ. 0.92, 0.61, 0, 1.38, 0.92, 0. ಒಟ್ಟು 3.83. ಕೈ-ಸ್ಕ್ವೇರ್ ಅಂದರೆ ಇಷ್ಟೇ.

ಈ 3.83ನ್ನು ಯಾವ ಗೆರೆಯ ಜೊತೆ ಹೋಲಿಸಬೇಕು? ಅದಕ್ಕೆ ಡಿಗ್ರಿ ಆಫ್ ಫ್ರೀಡಂ ಬೇಕು. ಪುಸ್ತಕದಲ್ಲಿ ‘ಸಾಲು ಕಳೆ ಒಂದು, ಗುಣಿಸು ಕಾಲಂ ಕಳೆ ಒಂದು’ ಅಂತ ಇರುತ್ತದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅರ್ಥ ಸುಲಭ ಇದೆ. ಅಂಚಿನ ಮೊತ್ತಗಳು ಗೊತ್ತಿದ್ದ ಮೇಲೆ ನಮ್ಮ ಟೇಬಲ್‌ನಲ್ಲಿ 15 ಮತ್ತು 33 ಅಂತ ಎರಡು ಮನೆ ತುಂಬಿದರೆ ಸಾಕು, ಉಳಿದ ನಾಲ್ಕೂ ತಾವಾಗೇ ತುಂಬಿಕೊಳ್ಳುತ್ತವೆ. ನಮ್ಮ ಇಷ್ಟಕ್ಕೆ ಬಿಟ್ಟಿದ್ದು ಎರಡೇ ಮನೆ. ಆದ್ದರಿಂದ ಡಿಗ್ರಿ 2. ಈ ಪರೀಕ್ಷೆಯನ್ನು 1900ರಲ್ಲಿ ಕಟ್ಟಿಕೊಟ್ಟ ಕಾರ್ಲ್ ಪಿಯರ್ಸನ್ ಇದೇ ಜಾಗದಲ್ಲಿ ಎಡವಿದ್ದರು. ಅವರ ಲೆಕ್ಕದಂತೆ ನಮ್ಮ ಆರು ಮನೆಯ ಟೇಬಲ್‌ಗೆ 5 ಆಗುತ್ತಿತ್ತು. ಅದನ್ನು 1922ರಲ್ಲಿ ತಿದ್ದಿದವರು ಆರ್.ಎ. ಫಿಶರ್. ಹಾಗಾಗಿ ನಿಮಗೆ ಇದು ಒಂದೇ ಓದಿಗೆ ಹತ್ತದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಡಿಗ್ರಿ 2 ಇದ್ದಾಗ ಶೇ 5ರ ಗೆರೆ, ಅಂದರೆ ನಂಟಿಲ್ಲದ ಡಬ್ಬಿಯಿಂದ ನೂರಕ್ಕೆ ಸುಮಾರು ಐದೇ ಸಲ ದಾಟುವ ಅಂಕಿ, 5.991. ನಮ್ಮದು 3.83, ಗೆರೆ ದಾಟಿಲ್ಲ. ಪಿ 0.15.

ಹಾಗಾದರೆ ನಿಮಗೆ 0.02 ಎಲ್ಲಿಂದ ಬಂತು? ನಮ್ಮ ಉದಾಹರಣೆಯ ಅಂಕಿಯಲ್ಲೇ ಹೇಳುವುದಾದರೆ, ನೀವು ಕೈಮಗ್ಗದ ಸಾಲಿಗೆ 25, 55, 20 ಹಾಕಿದಿರಿ. ಪವರ್‌ಲೂಮ್ ಸಾಲಿಗೆ 42.5, 37.5, 20 ಹಾಕಿದಿರಿ. ಎಕ್ಸೆಲ್‌ಗೆ ಅವು ಶೇಕಡಾ ಅಂತ ಗೊತ್ತಿಲ್ಲ. ಅದು ತಲೆ ಅಂದುಕೊಂಡಿತು. ಕೈಮಗ್ಗದವರು ನೂರು ಜನ, ಪವರ್‌ಲೂಮ್‌ನವರು ನೂರು ಜನ, ಒಟ್ಟು 200 ಜನರನ್ನು ನೀವು ಮಾತಾಡಿಸಿದ್ದೀರಿ ಅಂತ ಲೆಕ್ಕ ಹಿಡಿಯಿತು. ಕೈ-ಸ್ಕ್ವೇರ್ 7.85 ಆಯಿತು, ಪಿ 0.02 ಆಯಿತು. ಇಲ್ಲದ ನೂರು ಜನ ಬಂದು ನಿಮ್ಮ ಪರವಾಗಿ ಸಾಕ್ಷಿ ಹೇಳಿದ ಹಾಗಾಯಿತು. ಇಳಕಲ್ ಸೀರೆಗೆ ಸೆರಗು ಕೂಡಿಸುವಾಗ ಕೊಂಡಿ ಹಾಕುವುದನ್ನು ನೀವು ಕಣ್ಣಾರೆ ನೋಡಿಯೇ ಇರುತ್ತೀರಿ. ಒಡಲಿನ ಹಾಸಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆ ಜೋಡಿ ಆಗಬೇಕು. ಅಲ್ಲಿ ‘ಸುಮಾರು ಶೇ 25’ ಅನ್ನುವ ಮಾತು ನಡೆಯುವುದಿಲ್ಲ, ಎಳೆ ಎಣಿಸಲೇಬೇಕು. ಕೈ-ಸ್ಕ್ವೇರ್ ಕೂಡ ಹಾಗೇ. ಒಬ್ಬ ಮನುಷ್ಯ, ಒಂದು ಎಣಿಕೆ, ಒಂದೇ ಮನೆ.

ಇದೇ ಮಾತಿನಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಪ್ರಮಾಣ ಹಾಗೇ ಇಟ್ಟು ಜನರನ್ನು ಮಾತ್ರ ಜಾಸ್ತಿ ಮಾಡಿದರೆ ಕೈ-ಸ್ಕ್ವೇರ್ ಅಷ್ಟೇ ಪಟ್ಟು ಬೆಳೆಯುತ್ತದೆ. 100 ಜನಕ್ಕೆ 3.83, 200 ಜನಕ್ಕೆ 7.66, 2000 ಜನಕ್ಕೆ 76.6. ಅಂದರೆ ಈ ಸಂಖ್ಯೆ ನಂಟು ಎಷ್ಟು ಗಟ್ಟಿ ಅಂತ ಹೇಳುವುದೇ ಇಲ್ಲ. ದೊಡ್ಡ ಸರ್ವೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಗೆರೆ ದಾಟುತ್ತದೆ, ಸಣ್ಣ ಸರ್ವೆಯಲ್ಲಿ ದೊಡ್ಡ ವ್ಯತ್ಯಾಸವೂ ದಾಟುವುದಿಲ್ಲ. ಗಟ್ಟಿತನ ನೋಡಲು ಬೇರೆ ಅಳತೆ ಇದೆ, ಕ್ರಾಮರ್ ವಿ. ಕೈ-ಸ್ಕ್ವೇರನ್ನು ಒಟ್ಟು ಜನರಿಂದ ಭಾಗಿಸಿ, ಸಾಲು ಕಾಲಂಗಳಲ್ಲಿ ಯಾವುದು ಕಡಿಮೆಯೋ ಅದರಲ್ಲಿ ಒಂದು ಕಳೆದು ಮತ್ತೆ ಭಾಗಿಸಿ, ವರ್ಗಮೂಲ ತೆಗೆಯಬೇಕು. ನಮಗೆ ಸಾಲು ಎರಡೇ, ಆದ್ದರಿಂದ 3.83 ಭಾಗಿಸು 100, ಅದರ ವರ್ಗಮೂಲ 0.20. ಇದು ಸೊನ್ನೆಯಿಂದ ಒಂದರವರೆಗೆ ಇರುತ್ತದೆ. ಜನ 100 ಇರಲಿ, 2000 ಇರಲಿ, ಪ್ರಮಾಣ ಅದೇ ಇದ್ದರೆ ಇದು 0.20 ಆಗಿಯೇ ಇರುತ್ತದೆ. ಪಿ ಬರೆದ ಕಡೆಯಲ್ಲೆಲ್ಲ ಇದನ್ನೂ ಬರೆಯಿರಿ.

‘ಗೆಳತಿಯ ಲೆಕ್ಕದಲ್ಲಿ ಸಂಬಂಧ ಇಲ್ಲ’ ಅಂದಿರಲ್ಲ, ಈಗ ಅದಕ್ಕೆ ಬರುತ್ತೇನೆ. ಗೆರೆ ದಾಟಿಲ್ಲ ಅಂದರೆ ಇರುವ ಸಾಕ್ಷಿ ಸಾಲದು ಅಂತ ಅರ್ಥ. ಸಂಬಂಧ ಇಲ್ಲವೇ ಇಲ್ಲ ಅಂತ ಸಾಬೀತಾಯಿತು ಅಂತ ಅರ್ಥ ಅಲ್ಲ. ‘ಬೇಕು’ ಅಂದವರ ವ್ಯತ್ಯಾಸ 17.5 ಶೇಕಡಾ ಅಂಶ ಇದೆ. 60 ಮತ್ತು 40 ಜನರಿಂದ ಬಂದ ಈ ಅಂಕಿಗೆ ಶೇ 95ರ ಭರವಸೆಯ ವ್ಯಾಪ್ತಿ (ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು) ಹಾಕಿದರೆ, ಸೊನ್ನೆಗಿಂತ ಸುಮಾರು 1 ಅಂಶ ಕೆಳಗಿನಿಂದ ಹಿಡಿದು 36 ಅಂಶದವರೆಗೆ ಹರಡುತ್ತದೆ. ವ್ಯತ್ಯಾಸ ಏನೂ ಇಲ್ಲದಿರಬಹುದು, ತುಂಬಾನೇ ಇರಬಹುದು, ಎರಡಕ್ಕೂ ಜಾಗ ಇದೆ. ನೂರು ಜನರ ಸರ್ವೆಗೆ ಇದಕ್ಕಿಂತ ಹೆಚ್ಚು ಹೇಳುವ ಶಕ್ತಿ ಇಲ್ಲ. 0.20ರಷ್ಟು ನಂಟನ್ನು ಹತ್ತರಲ್ಲಿ ಎಂಟು ಸಲ ಹಿಡಿಯಬೇಕು ಅಂದರೆ ಇಂಥ ಟೇಬಲ್‌ಗೆ ಸುಮಾರು 250 ಜನ ಬೇಕು. ಈ ಲೆಕ್ಕವನ್ನು ಫಾರ್ಮ್ ಹಿಡಿದು ಊರಿಗೆ ಹೋಗುವ ಮೊದಲೇ ಹಾಕಬೇಕು. ಇದನ್ನು ಗೈಡ್‌ಗಳು ಮಕ್ಕಳಿಗೆ ಶುರುವಿನಲ್ಲೇ ಹೇಳಬೇಕು ಅಂತ ನಾನು ತುಂಬಾ ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ.

ಇಲ್ಲೊಂದು ಆಸೆ ಹುಟ್ಟುತ್ತದೆ, ಅದರ ಬಗ್ಗೆ ಎಚ್ಚರಿಕೆ ಹೇಳಿಬಿಡುತ್ತೇನೆ. ಮೂರನೇ ಕಾಲಂನಲ್ಲಿ ವ್ಯತ್ಯಾಸ ಸೊನ್ನೆ ಅಲ್ವಾ, ‘ಅವರಿಗೇ ಬಿಟ್ಟದ್ದು’ ಅಂದ 20 ಜನರನ್ನು ತೆಗೆದುಬಿಟ್ಟರೆ ಏನಾಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಮಾಡಿ ನೋಡಿದರೆ ಕೈ-ಸ್ಕ್ವೇರ್ ಅದೇ 3.83, ಆದರೆ ಡಿಗ್ರಿ 1ಕ್ಕೆ ಇಳಿಯುತ್ತದೆ. ಗೆರೆ 3.841ಕ್ಕೆ ಇಳಿಯುತ್ತದೆ. ಪಿ 0.0504. ಇನ್ನೊಂದೇ ಒಂದು ಫಾರ್ಮ್ ಆಚೆ ಈಚೆ ಆದರೆ ದಾಟಿತು! ದಯವಿಟ್ಟು ಈ ದಾರಿ ಹಿಡಿಯಬೇಡಿ. ಆ 20 ಜನ ಉತ್ತರ ಕೊಡದೆ ಸುಮ್ಮನಿದ್ದವರಲ್ಲ. ‘ನಮ್ಮದು ಹೆಂಗೋ ಆತ್ರಿ, ಮುಂದಿನದು ಅವರ ಇಚ್ಛಾ’ ಅಂತ ಲಾಳಿ ನಿಲ್ಲಿಸಿ, ಯೋಚನೆ ಮಾಡಿ ಹೇಳಿದವರು. ಉತ್ತರಗಳನ್ನು ಕೂಡಿಸಬಾರದು ಅಂತಲ್ಲ, ಕೂಡಿಸಬಹುದು. ಆದರೆ ಯಾವುದನ್ನು ಯಾವುದರ ಜೊತೆ ಕೂಡಿಸಬೇಕು ಅನ್ನುವುದು ಟೇಬಲ್ ನೋಡುವ ಮೊದಲೇ, ಅರ್ಥ ನೋಡಿ ತೀರ್ಮಾನ ಆಗಬೇಕು. ಪಿ ನೋಡಿ ತೀರ್ಮಾನ ಮಾಡಬಾರದು.

ಮನೆಗಳಲ್ಲಿ ಸಂಖ್ಯೆ ತೀರಾ ಕಡಿಮೆ ಇದ್ದಾಗ ಏನು ಮಾಡಬೇಕು ಅಂತ ನಿಮ್ಮ ಗೈಡ್ ಖಂಡಿತ ಕೇಳುತ್ತಾರೆ. 1954ರಲ್ಲಿ ಸಂಖ್ಯಾಶಾಸ್ತ್ರಜ್ಞ ಕೊಕ್ರನ್ ಕೊಟ್ಟ ಮಾತನ್ನೇ ಇವತ್ತಿಗೂ ಬಳಸುತ್ತೇವೆ. 5ಕ್ಕಿಂತ ಕಡಿಮೆ ನಿರೀಕ್ಷಿತ ಸಂಖ್ಯೆ ಇರುವ ಮನೆಗಳು ಐದರಲ್ಲಿ ಒಂದಕ್ಕಿಂತ ಜಾಸ್ತಿ ಇರಬಾರದು, ಯಾವ ಮನೆಯಲ್ಲೂ 1ಕ್ಕಿಂತ ಕಡಿಮೆ ಇರಬಾರದು. ಗಮನಿಸಿ, ಇದು ನಿರೀಕ್ಷಿತ ಸಂಖ್ಯೆಯ ಮಾತು, ನೀವು ಎಣಿಸಿದ ಸಂಖ್ಯೆಯದ್ದಲ್ಲ. ಎಣಿಸಿದ್ದು ಸೊನ್ನೆ ಇದ್ದರೂ ತೊಂದರೆ ಇಲ್ಲ. ನಮ್ಮ ಟೇಬಲ್‌ನಲ್ಲಿ ಅತಿ ಕಡಿಮೆ ಅಂದರೆ 8, ಚಿಂತೆ ಇಲ್ಲ. ನಿಯಮ ಮುರಿದರೆ ಫಿಶರ್ ಎಕ್ಸಾಕ್ಟ್ ಟೆಸ್ಟ್ ಇದೆ, ಈಗಿನ ಕಂಪ್ಯೂಟರ್‌ಗೆ ಅದು ಒಂದು ಕ್ಷಣದ ಕೆಲಸ.

ಇನ್ನು ನನಗೆ ನಿಜಕ್ಕೂ ಚಿಂತೆ ಆದ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ಇದೆ. ಕೈಮಗ್ಗದವರು ಇಳಕಲ್ಲಿನವರು, ಪವರ್‌ಲೂಮ್‌ನವರು ಬನಹಟ್ಟಿಯವರು. ಹಾಗಾದರೆ ನೀವು ಹೋಲಿಸುತ್ತಿರುವುದು ಮಗ್ಗವನ್ನೋ, ಊರನ್ನೋ? ಇಳಕಲ್ಲಿನಿಂದ ಬನಹಟ್ಟಿಗೆ ಬಂದರೆ ಮಗ್ಗ ಒಂದೇ ಬದಲಾಗುವುದಿಲ್ಲ. ನೇಯುವ ಬಟ್ಟೆ ಬೇರೆ, ವ್ಯಾಪಾರ ಬೇರೆ, ಮಕ್ಕಳಿಗೆ ಸಿಗುವ ಬೇರೆ ಕೆಲಸಗಳೂ ಬೇರೆ. ನಾಳೆ ನೀವು ಇನ್ನೂ 400 ಜನರನ್ನು ಹೀಗೇ ಮಾತಾಡಿಸಿ ಪಿ 0.0001 ತಂದರೂ, ಈ ವ್ಯತ್ಯಾಸ ಮಗ್ಗದ್ದೋ ಊರಿನದ್ದೋ ಅಂತ ಯಾವ ಟೆಸ್ಟೂ ಬಿಡಿಸಿ ಹೇಳಲಾರದು. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಇಳಕಲ್ಲಿನಲ್ಲೂ ಪವರ್‌ಲೂಮ್ ಇವೆ. ಅಲ್ಲಿ ಪವರ್‌ಲೂಮ್ ನಡೆಸುವ ಒಂದಷ್ಟು ಮನೆಗಳಿಗೆ ಹೋಗಿ ಬಂದಿದ್ದರೆ ಈ ಗಂಟು ಸ್ವಲ್ಪ ಸಡಿಲ ಆಗುತ್ತಿತ್ತು. ಆಗದಿದ್ದರೆ ಪ್ರಬಂಧದಲ್ಲಿ ‘ಇಳಕಲ್ಲಿನ ಕೈಮಗ್ಗದವರು, ಬನಹಟ್ಟಿಯ ಪವರ್‌ಲೂಮ್‌ನವರು’ ಅಂತಲೇ ಉದ್ದಕ್ಕೂ ಬರೆಯಿರಿ, ಬರೀ ‘ಕೈಮಗ್ಗ, ಪವರ್‌ಲೂಮ್’ ಅಂತ ಬರೆಯಬೇಡಿ.

ಇನ್ನೊಂದು ಅಡಗಿದ ಕಾರಣ ಇರಬಹುದು. ಮಗ್ಗ ಸ್ವಂತದ್ದೋ, ಸಾಹುಕಾರರ ನೂಲು ತಂದು ಕೂಲಿಗೆ ನೇಯುವುದೋ? ಅದೇ 100 ಜನರನ್ನು ಹೀಗೆ ಒಡೆದು ನೋಡೋಣ, ಇದೂ ನಾನು ಹಿಡಿದ ಅಂಕಿಯೇ. ಕೈಮಗ್ಗದ 60ರಲ್ಲಿ ಸ್ವಂತದವರು 20, ಕೂಲಿಯವರು 40. ಸ್ವಂತದವರಲ್ಲಿ ‘ಬೇಕು’ ಅಂದವರು 11, ಕೂಲಿಯವರಲ್ಲಿ 4. ಒಟ್ಟು 15, ಸರಿ ಹೋಯಿತು. ಪವರ್‌ಲೂಮ್‌ನ 40ರಲ್ಲಿ ಸ್ವಂತದವರು 30, ಕೂಲಿಯವರು 10. ‘ಬೇಕು’ ಅಂದವರು 16 ಮತ್ತು 1. ಒಟ್ಟು 17, ಅದೂ ಸರಿ. ಈಗ ಶೇಕಡಾ ನೋಡಿ. ಸ್ವಂತ ಮಗ್ಗದವರಲ್ಲಿ ಕೈಮಗ್ಗ ಶೇ 55, ಪವರ್‌ಲೂಮ್ ಶೇ 53. ಕೂಲಿಯವರಲ್ಲಿ ಎರಡೂ ಕಡೆ ಶೇ 10. ಮಗ್ಗದ ವ್ಯತ್ಯಾಸ ಪೂರ್ತಿ ಕರಗಿ ಹೋಯಿತು! 25 ಮತ್ತು 42.5ರ ಹಿಂದೆ ಇದ್ದದ್ದು ಮಗ್ಗದ ಬಗೆ ಅಲ್ಲ, ಮಗ್ಗ ಯಾರದ್ದು ಅನ್ನುವುದು. ನಿಮ್ಮ ಫಾರ್ಮ್‌ಗಳಲ್ಲಿ ಹೀಗೇ ಇದೆ ಅಂತ ನಾನು ಹೇಳುತ್ತಿಲ್ಲ. ಹೀಗೂ ಇರಬಹುದು, ನೋಡದೆ ತೀರ್ಮಾನ ಬರೆಯಬೇಡಿ ಅಂತ ಹೇಳುತ್ತಿದ್ದೇನೆ. ಕೂಲಿ ನೇಕಾರರ ಬದುಕಿನ ಕಷ್ಟವನ್ನು ‘ಕೈಮಗ್ಗಕ್ಕೆ ಭವಿಷ್ಯ ಇಲ್ಲ’ ಅಂತ ತಪ್ಪಾಗಿ ಓದಿದರೆ, ಆ ಓದಿನ ಮೇಲೆ ನಾಳೆ ಯಾರೋ ಯೋಜನೆ ಮಾಡುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಹೀಗೆ ಮೂರನೇ ಸಂಗತಿಯನ್ನು ಹಿಡಿದಿಟ್ಟು ನೋಡುವುದಕ್ಕೆ ಮ್ಯಾಂಟೆಲ್-ಹೆನ್ಸೆಲ್ ಟೆಸ್ಟ್ ಅಂತ ಇದೆ, ಎಸ್‌ಪಿಎಸ್‌ಎಸ್‌ನ ಕ್ರಾಸ್‌ಟ್ಯಾಬ್ಸ್‌ನಲ್ಲೇ ಸಿಗುತ್ತದೆ. ಅದು ಬೇಕು, ಬೇಡದಂಥ ಎರಡೇ ಉತ್ತರದ ಟೇಬಲ್‌ಗೆ ಅನುಕೂಲ. ಮೂರಕ್ಕಿಂತ ಜಾಸ್ತಿ ಸಂಗತಿಗಳನ್ನು ಒಟ್ಟಿಗೆ ನೋಡಬೇಕಾದರೆ ಲಾಜಿಸ್ಟಿಕ್ ರಿಗ್ರೆಷನ್ ಕಲಿಯಿರಿ. ಎಂ.ಎ.ಗೆ ಒಡೆದ ಟೇಬಲ್ ಕಣ್ಣಿಂದ ನೋಡಿ ವಿವರಿಸಿದರೂ ನನ್ನ ಪ್ರಕಾರ ಸಾಕು.

ಒಬ್ಬ ಮನುಷ್ಯ, ಒಂದೇ ಮನೆ ಅಂದೆನಲ್ಲ, ಅದರ ಒಳಗೆ ಇನ್ನೂ ಒಂದು ಶರತ್ತು ಇದೆ. ಒಬ್ಬರ ಉತ್ತರ ಇನ್ನೊಬ್ಬರ ಉತ್ತರಕ್ಕೆ ಅಂಟಿಕೊಂಡಿರಬಾರದು. ನೇಕಾರರ ಮನೆಯಲ್ಲಿ ಇದು ಸುಲಭ ಅಲ್ಲ. ಗಂಡ ನೇಯುತ್ತಾನೆ, ಹೆಂಡತಿ ಅಲ್ಲೇ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಾಳೆ, ನೀವು ಇಬ್ಬರನ್ನೂ ಕೇಳುತ್ತೀರಿ. ಒಬ್ಬರು ‘ಬ್ಯಾಡ್ರಿ’ ಅಂದದ್ದು ಕೇಳಿಸಿಕೊಂಡೇ ಇನ್ನೊಬ್ಬರು ‘ಬ್ಯಾಡ್ರಿ’ ಅನ್ನುತ್ತಾರೆ. ಫಾರ್ಮ್ ಎರಡು, ನಿಜವಾದ ಅಭಿಪ್ರಾಯ ಒಂದೂ ಕಾಲು. ಓಣಿಯಲ್ಲೂ ಇದೇ ಕತೆ. ಒಂದೇ ಓಣಿಯ 20 ಮನೆಗೆ ಒಬ್ಬರೇ ಸಾಹುಕಾರರು ನೂಲು ಕೊಡುತ್ತಿದ್ದರೆ ಆ 20 ಉತ್ತರಗಳಲ್ಲಿ ಹೋಲಿಕೆ ಇದ್ದೇ ಇರುತ್ತದೆ. ಐದು ಓಣಿ, ಓಣಿಗೆ 20 ಜನರಂತೆ 100 ಮಾಡಿದ್ದೀರಿ ಅಂದುಕೊಳ್ಳಿ. ಓಣಿಯೊಳಗಿನ ಹೋಲಿಕೆ (ಸೊನ್ನೆ ಅಂದರೆ ಹೋಲಿಕೆಯೇ ಇಲ್ಲ, ಒಂದು ಅಂದರೆ ಓಣಿಯವರೆಲ್ಲರದ್ದೂ ಒಂದೇ ಉತ್ತರ) ಬರೀ 0.1 ಇದ್ದರೂ, ಓಣಿಯ 20ರಲ್ಲಿ ಒಂದು ಕಳೆದು 19, ಅದನ್ನು 0.1ರಿಂದ ಗುಣಿಸಿ 1ಕ್ಕೆ ಕೂಡಿಸಿ, 2.9 ಬರುತ್ತದೆ. ನಿಮ್ಮ 100 ಜನರನ್ನು 2.9ರಿಂದ ಭಾಗಿಸಿ. ಊರಲ್ಲೆಲ್ಲ ಬಿಡಿಬಿಡಿಯಾಗಿ ಆರಿಸಿದ ಸುಮಾರು 34 ಜನರಿಗೆ ಅವರು ಸಮ. ಸಾದಾ ಕೈ-ಸ್ಕ್ವೇರ್‌ಗೆ ಇದು ಗೊತ್ತಾಗುವುದಿಲ್ಲ, ಅದು 100 ಅಂತಲೇ ನಂಬುತ್ತದೆ, ಪಿ ಇರಬೇಕಾದ್ದಕ್ಕಿಂತ ಸಣ್ಣದಾಗಿ ಬರುತ್ತದೆ. ಇಂಥ ಸರ್ವೆಗಳಿಗೆ ಜೆ.ಎನ್.ಕೆ. ರಾವ್ ಮತ್ತು ಅಲಸ್ಟೇರ್ ಸ್ಕಾಟ್ 1980ರ ದಶಕದ ಶುರುವಿನಲ್ಲಿ ಒಂದು ತಿದ್ದುಪಡಿ ಕೊಟ್ಟರು. ಈಗ ಅದು ರಾವ್-ಸ್ಕಾಟ್ ಅಂತಲೇ ಹೆಸರಾಗಿದೆ. ಆರ್ ಸಾಫ್ಟ್‌ವೇರ್‌ನ ಸರ್ವೆ ಪ್ಯಾಕೇಜ್‌ನಲ್ಲಿ ಇದೆ, ಆರ್ ಪೂರ್ತಿ ಉಚಿತ. ಓಣಿಯ ಹೆಸರಿನ ಒಂದು ಕಾಲಂ ಇದ್ದರೆ ಸಾಕು, ಮಾಡಬಹುದು. ಓಣಿಗಳು ಐದೇ ಆದರೆ ತಿದ್ದಿದ ಉತ್ತರವನ್ನೂ ತುಂಬಾ ನಂಬುವ ಹಾಗಿಲ್ಲ. ಮುಂದಿನ ಸಲ ಓಣಿ ಜಾಸ್ತಿ ಮಾಡಿ, ಓಣಿಗೆ ಮನೆ ಕಡಿಮೆ ಮಾಡಿ.

ರಾವ್ ಅಂದ ಕೂಡಲೇ ಇನ್ನೊಬ್ಬ ರಾವ್ ಅವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ಹೂವಿನಹಡಗಲಿಯಲ್ಲಿ, ಇಳಕಲ್ಲಿನಿಂದ ಅದೇನು ದೂರದ ಊರಲ್ಲ. 1948ರಲ್ಲಿ ಅವರು ಕೊಟ್ಟ ಸ್ಕೋರ್ ಟೆಸ್ಟ್ ಎಂಬ ದೊಡ್ಡ ಚೌಕಟ್ಟಿನಲ್ಲಿ ಈ ಪಿಯರ್ಸನ್ ಕೈ-ಸ್ಕ್ವೇರ್ ಕೂಡ ಒಂದು ಉದಾಹರಣೆಯಾಗಿ ಬಂದು ಕೂರುತ್ತದೆ. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂದದ್ದು 2023ರಲ್ಲಿ. ಅದೇ ವರ್ಷ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಕಡೆಯ ಮಕ್ಕಳು ಈ ವಿಷಯಕ್ಕೆ ಹೆದರಿದಾಗಲೆಲ್ಲ ನಾನು ಹಡಗಲಿಯ ಹೆಸರು ಹೇಳುತ್ತೇನೆ.

ನಿಮ್ಮ ಫಾರ್ಮ್‌ನಲ್ಲಿ ಬೇರೆ ಪ್ರಶ್ನೆಗಳೂ ಇರುತ್ತವೆ, ಅವುಗಳ ಬಗ್ಗೆ ಬೇಗ ಬೇಗ ಹೇಳುತ್ತೇನೆ. ‘ಮಗ್ಗ ಬಿಡಬೇಕು ಅನ್ನಿಸಲು ಕಾರಣ ಏನು, ಅನ್ವಯಿಸುವುದಕ್ಕೆಲ್ಲ ಟಿಕ್ ಹಾಕಿ’ ಅಂತ ಒಂದು ಪ್ರಶ್ನೆ ಸಾಮಾನ್ಯವಾಗಿ ಇರುತ್ತದೆ. ಒಬ್ಬರೇ ಕೂಲಿ ಕಡಿಮೆ, ನೂಲಿನ ರೇಟು, ಕಣ್ಣಿನ ತೊಂದರೆ, ಮೂರಕ್ಕೂ ಟಿಕ್ ಹಾಕುತ್ತಾರೆ. 100 ಜನರಿಂದ 230 ಟಿಕ್ ಬರಬಹುದು. ಅವನ್ನೆಲ್ಲ ಒಂದೇ ಟೇಬಲ್‌ಗೆ ಸುರಿದು ಕೈ-ಸ್ಕ್ವೇರ್ ಮಾಡಿದರೆ ಒಬ್ಬ ಮನುಷ್ಯ ಮೂರು ಮನೆಯಲ್ಲಿ ಕೂತ ಹಾಗೆ, ಲೆಕ್ಕವೇ ತಪ್ಪು. ಪ್ರತಿ ಕಾರಣಕ್ಕೂ ಹೌದು, ಇಲ್ಲ ಅಂತ ಬೇರೆ ಬೇರೆ ಟೇಬಲ್ ಮಾಡಿ. ಆದರೆ ಹಾಗೆ 20 ಟೇಬಲ್ ಮಾಡಿದರೆ, ಎಲ್ಲೂ ಏನೂ ನಂಟಿಲ್ಲದಿದ್ದರೂ ಒಂದಾದರೂ ಶೇ 5ರ ಗೆರೆ ದಾಟುವ ಸಾಧ್ಯತೆ, ಟೇಬಲ್‌ಗಳು ಬಿಡಿಬಿಡಿ ಅಂತ ಹಿಡಿದರೆ, ಶೇ 64 ಇರುತ್ತದೆ. ಅದಕ್ಕೇ 0.05ನ್ನು ಟೇಬಲ್‌ಗಳ ಸಂಖ್ಯೆಯಿಂದ ಭಾಗಿಸಿ ಹೊಸ ಗೆರೆ ಹಾಕಿಕೊಳ್ಳುವುದು ವಾಡಿಕೆ. ದಾಟಿದ್ದನ್ನಷ್ಟೇ ಬರೆದು ದಾಟದ್ದನ್ನು ಮುಚ್ಚಿಡಬೇಡಿ, ಎಷ್ಟು ಮಾಡಿದಿರೋ ಅಷ್ಟನ್ನೂ ಬರೆಯಿರಿ.

‘ತುಂಬಾ ತೃಪ್ತಿ, ತೃಪ್ತಿ, ಪರವಾಗಿಲ್ಲ, ಅತೃಪ್ತಿ’ ಹೀಗೆ ಮೆಟ್ಟಿಲಿನಂತೆ ಇರುವ ಉತ್ತರಗಳ ಕ್ರಮ ಕೈ-ಸ್ಕ್ವೇರ್‌ಗೆ ಕಾಣಿಸುವುದೇ ಇಲ್ಲ. ಕಾಲಂಗಳನ್ನು ಹೇಗೆ ಅದಲು ಬದಲು ಮಾಡಿದರೂ ಅದೇ ಉತ್ತರ ಕೊಡುತ್ತದೆ. ಅಲ್ಲಿ ಗಾಮಾ ಅಥವಾ ಕೆಂಡಾಲ್ ಟೌ ಬಳಸಿ, ಅವು ಕ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಒಬ್ಬರನ್ನೇ ಎರಡು ಸಲ ಕೇಳಿದ್ದರೆ, ತರಬೇತಿಗೆ ಮೊದಲು ಮತ್ತು ನಂತರ ಅನ್ನುವ ಹಾಗೆ, ಅದಕ್ಕೆ ಮೆಕ್‌ನೆಮಾರ್ ಟೆಸ್ಟ್.

ಎಕ್ಸೆಲ್‌ನಲ್ಲಿ ಮಾಡುವುದೇ ಆದರೆ ಒಂದು ಮಾತು ನೆನಪಿರಲಿ. ಅದರ ಫಂಕ್ಷನ್ ಎರಡು ಟೇಬಲ್ ಕೇಳುತ್ತದೆ, ಎಣಿಸಿದ್ದು ಒಂದು, ನಿರೀಕ್ಷಿತ ಒಂದು. ಎರಡನೆಯದನ್ನು ನೀವೇ ಮಾಡಿ ಕೊಡಬೇಕು. ಎಸ್‌ಪಿಎಸ್‌ಎಸ್‌ನಲ್ಲಿ ಫಾರ್ಮ್‌ಗೊಂದು ಸಾಲಿನಂತೆ 100 ಸಾಲು ಹಾಕಿದರೆ ನೇರವಾಗಿ ಕ್ರಾಸ್‌ಟ್ಯಾಬ್ಸ್‌ಗೆ ಹೋಗಬಹುದು. ಬರೀ ಆರು ಮನೆಯ ಟೇಬಲ್ ಹಾಕಿದ್ದರೆ ಮೊದಲು ‘ವೇಟ್ ಕೇಸಸ್’ನಲ್ಲಿ ಎಣಿಕೆಯ ಕಾಲಂ ತೋರಿಸಬೇಕು. ಅದನ್ನು ಮರೆತರೆ ಅದು ಆರೇ ಜನ ಅಂದುಕೊಳ್ಳುತ್ತದೆ.

ಪ್ರಬಂಧದಲ್ಲಿ ಬರೆಯುವುದಕ್ಕೆ ಒಂದು ಮಾದರಿ ಕೊಡುತ್ತೇನೆ, ನಿಮ್ಮ ಅಂಕಿ ಹಾಕಿಕೊಳ್ಳಿ. ‘ಇಳಕಲ್ಲಿನ ಕೈಮಗ್ಗ ನೇಕಾರರಲ್ಲಿ 60ಕ್ಕೆ 15 ಜನ, ಬನಹಟ್ಟಿಯ ಪವರ್‌ಲೂಮ್ ನೇಕಾರರಲ್ಲಿ 40ಕ್ಕೆ 17 ಜನ ಮಕ್ಕಳು ಈ ಉದ್ಯೋಗ ಮುಂದುವರಿಸಬೇಕು ಎಂದರು. ಎರಡು ಗುಂಪುಗಳ ಉತ್ತರಗಳು ಬೇರೆ ಎಂದು ಖಚಿತವಾಗಿ ಹೇಳಲು ಈ 100 ಜನರ ಮಾಹಿತಿ ಸಾಲದು: ಕೈ-ಸ್ಕ್ವೇರ್ 3.83, ಡಿಗ್ರಿ 2, ಪಿ 0.15, ಕ್ರಾಮರ್ ವಿ 0.20.’ ಗೆರೆ ದಾಟದ ಫಲಿತಾಂಶ ಬರೆದರೆ ಮಾರ್ಕ್ಸ್ ಕಡಿಮೆ ಆಗುತ್ತದೆ ಅಂತ ಹೆದರಬೇಡಿ. ವೈವಾದಲ್ಲಿ ನಾನು ಕೂತಿದ್ದರೆ, ಹೀಗೆ ಬರೆದವರಿಗೆ 0.02 ಅಂತ ಕಣ್ಣು ಮುಚ್ಚಿ ಬರೆದವರಿಗಿಂತ ಜಾಸ್ತಿಯೇ ಕೊಡುತ್ತೇನೆ.

ಫಾರ್ಮ್‌ಗಳು ಕೈಯಲ್ಲೇ ಇವೆ ಅಂದಿದ್ದೀರಿ, ಅದು ಒಳ್ಳೆಯದಾಯಿತು. ಇವತ್ತು ರಾತ್ರಿ ಕೂತು ಮೂರು ಕಾಲಂ ಸೇರಿಸಿ: ಓಣಿ ಯಾವುದು, ಒಂದೇ ಮನೆಯ ಫಾರ್ಮ್‌ಗಳು ಯಾವುವು, ಮಗ್ಗ ಸ್ವಂತದ್ದೋ ಕೂಲಿಯದ್ದೋ. ಒಂದೇ ಮನೆಯವರು ಇಬ್ಬರಿದ್ದರೆ ಒಬ್ಬರನ್ನು ಮಾತ್ರ ಇಟ್ಟುಕೊಳ್ಳಿ. ಯಾರನ್ನು ಅನ್ನುವುದನ್ನು ಉತ್ತರ ನೋಡದೆ ಚೀಟಿ ಎತ್ತಿ ತೀರ್ಮಾನಿಸಿ. ಸ್ವಂತ, ಕೂಲಿ ಪ್ರಶ್ನೆ ಕೇಳುವುದು ಬಿಟ್ಟು ಹೋಗಿದ್ದರೆ ಬಸ್ ಹತ್ತಿ ಇಳಕಲ್ಲಿಗೆ, ಬನಹಟ್ಟಿಗೆ ಇನ್ನೊಮ್ಮೆ ಹೋಗಿ ಬನ್ನಿ. ಆಮೇಲೆ ಸ್ವಂತದವರದ್ದು ಒಂದು, ಕೂಲಿಯವರದ್ದು ಒಂದು, ಎರಡು ಟೇಬಲ್ ಮಾಡಿ ನನಗೆ ಕಳಿಸಿ, ಒಟ್ಟಿಗೆ ನೋಡೋಣ. ಎಣಿಕೆಯನ್ನೇ ಕಳಿಸಿ, ಶೇಕಡಾ ಅಲ್ಲ.